ನೋವಿಗೂ ಒಂದು ಲೆಕ್ಕವಿರಲಿ

ಹುಮನಾಬಾದಿನ ನಮ್ಮ ಪರಿಚಯದ ಮನೆಯೊಂದರಲ್ಲಿ ವೃದ್ಧ ತಾಯಿಯೊಬ್ಬರು ಎರಡು ವರ್ಷಗಳಿಂದ ಮೊಣಕಾಲು ನೋವಿನಿಂದ ಬಳಲುತ್ತಿದ್ದರು. ‘ಗುಳಿಗೆಯಿಂದ ಗುಣ ಕಂಡಿತೆ?’ ಎಂದು ನಾವು ಕೇಳಿದೆವು. ‘ಏನ್ ಹೇಳ್ಲಿ ಗುರುಗಳೆ, ಹಂಗೇ ಅದ’ ಎಂದರು. ಸೊಸೆ ಕಡಿಮೆಯಾಗಿದೆ ಎಂದಳು, ಮಗ ಇಲ್ಲವೆಂದನು. ಗುಳಿಗೆ ಮಾತ್ರ ನಿಂತಿರಲಿಲ್ಲ.

ಈ ಗೊಂದಲ ಹಲವು ಮನೆಗಳದು. ಮೂರು ತಿಂಗಳಿಗೂ ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಜ್ವರವನ್ನು ಅಳೆಯಲು ಥರ್ಮಾಮೀಟರ್ ಇದೆ. ನೋವನ್ನು ಅಳೆಯುವ ಯಂತ್ರವಿಲ್ಲ. ಎಕ್ಸ್‌-ರೇ ಕೀಲಿನ ಸವೆತವನ್ನು ತೋರೀತು, ಸಂಕಟವನ್ನು ತೋರಲಾರದು. ಇಲ್ಲಿ ಉಂಡವರ ಮಾತೇ ಪ್ರಮಾಣ.

ಆದುದರಿಂದ ವೈದ್ಯರು 0ಯಿಂದ 10ರವರೆಗಿನ ಅಂಕವನ್ನು ಕೇಳುತ್ತಾರೆ. 0 ಎಂದರೆ ನೋವಿಲ್ಲ, 10 ಎಂದರೆ ಊಹಿಸಬಹುದಾದ ಅತಿ ತೀವ್ರ ನೋವು. ಸುಮಾರು 2 ಅಂಕ, ಅಂದರೆ ಶೇ. 30ರಷ್ಟು ಇಳಿದಾಗ ರೋಗಿಗೆ ನಿಜವಾದ ಸುಧಾರಣೆ ಅನುಭವಕ್ಕೆ ಬರುತ್ತದೆಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2009ರಲ್ಲಿ ಬಂದ ಮತ್ತೊಂದು ಅಳತೆಗೋಲಿನಲ್ಲಿ ಮೂರೇ ಪ್ರಶ್ನೆಗಳು: ಕಳೆದ ವಾರ ನೋವು ಸರಾಸರಿ ಎಷ್ಟಿತ್ತು? ಬದುಕಿನ ಸಂತೋಷಕ್ಕೆ ಎಷ್ಟು ಅಡ್ಡಿಯಾಯಿತು? ನಿತ್ಯದ ಕೆಲಸಗಳಿಗೆ ಎಷ್ಟು ಅಡ್ಡಿಯಾಯಿತು? ಕಾಯಕವನ್ನೇ ಬದುಕೆಂದ ಕಲ್ಯಾಣದ ನೆಲದವರಿಗೆ ಕೊನೆಯ ಪ್ರಶ್ನೆಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಸರಾಸರಿಯನ್ನು ನಂಬಿ ಮೋಸಹೋಗಬಾರದು. ಹತ್ತು ಜನರಲ್ಲಿ ನೋವು ಸರಾಸರಿ 2 ಅಂಕ ಇಳಿಯಿತೆಂದರೆ, ಐವರಿಗೆ 4 ಇಳಿದು ಉಳಿದ ಐವರಿಗೆ ಏನೂ ಇಳಿಯದೆ ಇರಬಹುದು. ನೆರೆಮನೆಯವರಿಗೆ ಒಗ್ಗಿದ ಔಷಧ ನಮ್ಮವರಿಗೂ ಒಗ್ಗೀತೆಂಬ ಭರವಸೆಯಿಲ್ಲ. ಮೇಲಾಗಿ ನೋವು ತಾನಾಗಿಯೇ ಏರಿಳಿಯುತ್ತದೆ. ಅತಿಯಾದ ದಿನ ಔಷಧ ತಂದು, ಮರುದಿನ ಇಳಿದರೆ ಅದು ಔಷಧದ ಗುಣವೆಂದೇ ಭ್ರಮಿಸುತ್ತೇವೆ. ಒಂದು ದಿನದ ಅಂಕ ಸಾಲದು, ವಾರಗಟ್ಟಲೆ ಬರೆದಿಡಬೇಕು.

ಆ ಮನೆಯ ಮೊಮ್ಮಗಳು ನಮ್ಮ ಮಾತಿನಂತೆ ಪ್ರತಿರಾತ್ರಿ ಗೋಡೆಯ ಕ್ಯಾಲೆಂಡರಿನ ಮೇಲೆ ಅಂಕ ಬರೆದಳು. ಅಜ್ಜಿ ಅಂದು ರೊಟ್ಟಿ ಬಡಿದರೇ, ಗುಡಿಯವರೆಗೆ ನಡೆದರೇ ಎಂಬುದನ್ನೂ ಗುರುತಿಸಿದಳು. ನಾಲ್ಕು ವಾರವೂ ಅಂಕ 7ರ ಆಚೀಚೆಯೇ ಉಳಿಯಿತು. ಆ ಹಾಳೆಯನ್ನು ನೋಡಿದ ವೈದ್ಯರು ಗುಳಿಗೆಯನ್ನು ನಿಲ್ಲಿಸಿ, ತೊಡೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ಹೇಳಿಕೊಟ್ಟರು. ಇಂಥ ನೋವಿನ ಗುಳಿಗೆಗಳನ್ನು ಬಹುಕಾಲ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡಾಗಬಹುದೆಂದು ಎಚ್ಚರಿಸಿದರು. ಮೂರು ತಿಂಗಳಲ್ಲಿ ಅಂಕ 5ಕ್ಕೆ ಇಳಿಯಿತು. ನೋವು ಪೂರ್ತಿ ಹೋಗಲಿಲ್ಲ. ಆದರೆ ಆ ತಾಯಿ ಬಸವಕಲ್ಯಾಣಕ್ಕೆ ಬಂದು, ಯಾರ ಕೈಯನ್ನೂ ಹಿಡಿಯದೆ ನಮ್ಮ ಮನೆಯ ಮೆಟ್ಟಿಲೇರಿದರು.

ಓದುಗ ಬಂಧುಗಳೇ, ವೈದ್ಯರನ್ನು ಕೇಳದೆ ಔಷಧವನ್ನು ಬಿಡಬೇಡಿ, ಲೆಕ್ಕವಿಲ್ಲದೆ ಮುಂದುವರಿಸಲೂಬೇಡಿ. ಮನೆಯ ಹಿರಿಯರನ್ನು ದಿನಕ್ಕೊಮ್ಮೆ ‘ಇವತ್ತು ಎಷ್ಟು?’ ಎಂದು ಕೇಳಿ ಬರೆದಿಡಿ. ಕೇಳುವವರಿದ್ದಾರೆಂಬುದೇ ಅವರಿಗೊಂದು ಸಮಾಧಾನ.