ಕಡ್ಡಿಗಳ ಮೇಲಿನ ಜಿಡ್ಡು ಎಲ್ಲಿಯದು?

ಹಳೆಯ ಎಂಜಿಎ, ಎಂಜಿಬಿಯಂಥ ಬ್ರಿಟಿಷ್ ಕಾರುಗಳ ವೈರ್ ವ್ಹೀಲ್‌ಗಳಿಗೆ ಬಿಡದ ಕಾಟವೊಂದಿದೆ. ತಿಕ್ಕಿ ತೊಳೆದು ಹೊಳಪೇರಿಸಿದ ಕಡ್ಡಿಗಳ ಮೇಲೆ, ಗಾಡಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ, ಹಬ್‌ನಿಂದ ರಿಮ್‌ನತ್ತ ಜಿಡ್ಡಿನ ಗೆರೆಗಳು ಎದ್ದಿರುತ್ತವೆ. ಚಕ್ರವೇ ಸೋರುತ್ತಿದೆ ಎಂದುಕೊಂಡು, ಕಡ್ಡಿಗಳ ತಲೆ ಕೂರುವ ರಂಧ್ರಗಳಿಗೆ ಒಳಗಿನಿಂದ ಸಿಲಿಕೋನ್ ಮೆತ್ತಿ ಸುಮ್ಮನಾಗುವವರಿದ್ದಾರೆ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಅದರ ಲಕ್ಷಣವನ್ನು ಅಳಿಸಿಹಾಕುವ ಈ ಉಪಾಯ ನನಗೆ ಅಪಾಯಕಾರಿಯಾಗಿಯೇ ಕಾಣುತ್ತದೆ.

ಕವೆಂಟ್ರಿಯ ರಡ್ಜ್-ವಿಟ್‌ವರ್ತ್ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ಬಿಚ್ಚುವ ಚಕ್ರದ ಸಂಪ್ರದಾಯವೇ ಈ ಕಾರುಗಳಲ್ಲೂ ಮುಂದುವರಿದಿದೆ. ಹಬ್‌ನ ಹೊರಮೈಯ ಹಲ್ಲುಗಳಿಗೆ, ಅಂದರೆ ಸ್ಪ್ಲೈನ್‌ಗಳಿಗೆ, ಚಕ್ರದ ಒಳಹಲ್ಲುಗಳು ಕಚ್ಚಿಕೊಳ್ಳುತ್ತವೆ. ನಡುವಿನ ಒಂದೇ ದೊಡ್ಡ ನಟ್ಟು ಎಲ್ಲವನ್ನೂ ಬಿಗಿಹಿಡಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಂಜಿಬಿಯ ಚಕ್ರ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ, ಸ್ಪ್ಲೈನ್ ಇರುವ ಜಾಗದಲ್ಲಿ ಗ್ರೀಸನ್ನು ಹೊರಕ್ಕೆ ಎಸೆಯುವ ಬಲ ಅದರ ತೂಕದ ಸುಮಾರು 20 ಪಟ್ಟು. ಗ್ರೀಸ್ ಎಂದರೆ ಸಾಬೂನಿನಂಥ ಪದಾರ್ಥ ಹಿಡಿದಿಟ್ಟ ಎಣ್ಣೆಯೇ ತಾನೆ? ಈ ಎಳೆತಕ್ಕೆ, ಜೊತೆಗೆ ಬ್ರೇಕಿನ ಬಿಸಿಗೆ, ಎಣ್ಣೆ ಬಿಟ್ಟುಕೊಂಡು ಕಡ್ಡಿಯ ರಂಧ್ರಗಳಲ್ಲಿ ದಾರಿ ಹುಡುಕುತ್ತದೆ.

ಹಾಗಿದ್ದರೆ ಸ್ಪ್ಲೈನ್‌ಗೆ ಗ್ರೀಸನ್ನೇ ಹಚ್ಚದಿದ್ದರಾಯಿತಲ್ಲ ಎಂಬ ವಾದವಿದೆ. ಒಪ್ಪಲಾಗದು. ಎಂಜಿನ್ನಿನ ಎಳೆತ, ಬ್ರೇಕಿನ ಹಿಡಿತ ಎರಡೂ ಈ ಹಲ್ಲುಗಳ ಮೂಲಕವೇ ಚಕ್ರಕ್ಕೆ ತಲುಪಬೇಕು. ಒಣಗಿದ ಹಲ್ಲುಗಳು ಒಂದಕ್ಕೊಂದು ತಿಕ್ಕಿ ತುಕ್ಕಿನ ಪುಡಿ ಉದುರಿಸುತ್ತವೆ. ಚಪ್ಪಟೆ ತುದಿ ಸವೆದು ಗರಗಸದ ಹಲ್ಲಿನಂತೆ ಚೂಪಾಗುತ್ತದೆ. ರಿವರ್ಸ್‌ನಿಂದ ಮುಂದಕ್ಕೆ ಹೊರಟಾಗ ‘ಟಕ್’ ಎನ್ನುತ್ತದೆ. ಕೊನೆಗೆ ಹಬ್ ತಿರುಗಿದರೂ ಚಕ್ರ ತಿರುಗದ ಸ್ಥಿತಿ ಬರಬಹುದು. ಆದ್ದರಿಂದ ಗ್ರೀಸ್ ಬೇಕೇ ಬೇಕು, ಆದರೆ ಹಲ್ಲುಗಳ ಬಣ್ಣ ಕಾಣುವಷ್ಟು ತೆಳ್ಳಗೆ. ಬೆರಳಿನಲ್ಲಿ ಬಾಚಿ ಮೆತ್ತಿದ್ದೆಲ್ಲ ಕಡ್ಡಿಗೇ ಬರುತ್ತದೆ.

ಹೆಚ್ಚಾದ ಗ್ರೀಸ್ ಒರೆಸಿ ತೆಗೆದ ಮೇಲೂ ಗೆರೆ ಮೂಡಿದರೆ ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಕೆಂಪು-ಕಂದು ಬಣ್ಣ ಬಂದರೆ ಸ್ಪ್ಲೈನ್ ಸವೆಯುತ್ತಿದೆ. ಮುಂದಿನ ಚಕ್ರದಲ್ಲಿ ಗಟ್ಟಿ ಗ್ರೀಸ್ ಕಂಡರೆ ಬೇರಿಂಗ್‌ನ ಮುಚ್ಚಳ ಸಡಿಲವಾಗಿದೆಯೇ, ಅಥವಾ ಯಾರೋ ಅದರೊಳಗೂ ಗ್ರೀಸ್ ತುಂಬಿದ್ದಾರೆಯೇ ಎಂದು ನೋಡಬೇಕು. ಗ್ರೀಸ್ ಬೇಕಿರುವುದು ಬೇರಿಂಗ್‌ಗೆ, ಮುಚ್ಚಳಕ್ಕಲ್ಲ. ಹಿಂದಿನ ಚಕ್ರದಲ್ಲಿ ತೆಳು ಎಣ್ಣೆ, ಗಂಧಕದ ಘಾಟು ಇದ್ದರೆ ಅದು ಆಕ್ಸಲ್‌ನ ಗೇರ್ ಆಯಿಲ್, ಸೀಲ್ ಸೋತಿದೆ. ಇಲ್ಲಿ ತಡ ಮಾಡುವಂತಿಲ್ಲ. ಅದೇ ಎಣ್ಣೆ ಡ್ರಮ್ಮಿನೊಳಗೂ ಇಳಿದು ಬ್ರೇಕ್ ಲೈನಿಂಗ್‌ಗೆ ಇಂಗುತ್ತದೆ. ಇಂಗಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ನಂಬಲಾಗದು, ಬದಲಿಸಲೇಬೇಕು. ಹೊಸ ಸೀಲ್ ಹಾಕುವಾಗ ಆಕ್ಸಲ್ ಮೇಲಿನ ಪುಟ್ಟ ಬ್ರೀದರ್ ಕಟ್ಟಿಕೊಂಡಿಲ್ಲವೇ ಎಂದೂ ನೋಡಬೇಕು. ಅದು ಮಣ್ಣು ತುಂಬಿ ಮುಚ್ಚಿದ್ದರೆ ಬಿಸಿಯಾದ ಗಾಳಿ ಹೊರಬರಲಾಗದೆ ಎಣ್ಣೆಯನ್ನು ಸೀಲ್‌ನಾಚೆ ತಳ್ಳುತ್ತದೆ. ಹೊಸ ಸೀಲೂ ಸೋರುತ್ತದೆ.

ಎಲ್ಲ ಸರಿಪಡಿಸಿದರೂ ತೆಳು ಲೇಪನದ ಎಣ್ಣೆ ಅಷ್ಟಿಷ್ಟು ಜಿನುಗುತ್ತದಲ್ಲ ಎಂಬ ಆಕ್ಷೇಪ ನಿಜ. ಆಗ ಸಿಲಿಕೋನ್ ಹಚ್ಚಲು ನನ್ನ ತಕರಾರಿಲ್ಲ, ಆದರೆ ಚಕ್ರದ ನಡುಭಾಗದ ಒಳಮೈಯ ಜಿಡ್ಡು ಪೂರ್ತಿ ತೆಗೆದಿರಬೇಕು. ನಟ್ಟು ಒತ್ತಿ ಕೂರುವ ಇಳಿಜಾರು ಮೈಗೆ ಮಾತ್ರ ಅದು ಎಳ್ಳಷ್ಟೂ ತಾಗಬಾರದು; ಅಲ್ಲಿ ಲೋಹಕ್ಕೆ ಲೋಹವೇ ಕೂರಬೇಕು.