ಗಿಟಾರಿಗೆ ಎಡವುವ ಪದ

ರಾಕ್ ತಂಡವೊಂದರ ನೂತನ ಕನ್ನಡ ಗೀತೆಯನ್ನು ಆಲಿಸಿ, ತಿಕೋಟಾದಿಂದಲೂ ಬಬಲೇಶ್ವರದಿಂದಲೂ ವಿಜಯಪುರದ ಕಾಲೇಜುಗಳಿಗೆ ಬರುವ ತರುಣರು "ರಾಗ ಛಲೋ ಐತಿ, ಪದ ಎಡವತಾವ" ಎಂದು ವಾದಿಸುವರಾದರೆ, ಆ ಆಕ್ಷೇಪವು ಕೇವಲ ಅಭಿರುಚಿಯದಲ್ಲ, ನುಡಿಯ ಸ್ವಭಾವಕ್ಕೇ ಸಂಬಂಧಿಸಿದುದು. ಕನ್ನಡದಲ್ಲಿ ಸ್ವರದ ಹ್ರಸ್ವದೀರ್ಘಗಳೇ ಅರ್ಥವನ್ನು ನಿರ್ಣಯಿಸುವುದರಿಂದ, ಮೊದಲೇ ಸಿದ್ಧವಾದ ಧಾಟಿಗೆ ಪದವನ್ನು ಬಲಾತ್ಕಾರದಿಂದ ಎಳೆದೊಡನೆ 'ಕರು' ಎಂಬುದು 'ಕಾರು' ಆಗುವುದು, 'ಬಳೆ'ಯು 'ಬಾಳೆ'ಯಾಗುವುದು. ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದವನ್ನು ಗಿಟಾರಿಗೆ ಒಪ್ಪಿಸಿದಾಗ ಅದು ಎಡವಲಿಲ್ಲ. ಏಕೆಂದರೆ 1889ರಲ್ಲಿ ದೇಹವಿಟ್ಟ ಆ ಸಂತರ ಪದಗಳು ಹುಟ್ಟಿದ್ದೇ ಹಾಡುವ ಬಾಯಿಯಲ್ಲಿ. ನಮ್ಮ ಸೀಮೆಯ ಮೊಹರಮ್ ಹಾಡುಗಾರರೂ ಈ ಮರ್ಮವನ್ನು ಬಲ್ಲರು. ಗೀತೆ ಕಟ್ಟುವ ಮಿತ್ರರೇ, ಧ್ವನಿಮುದ್ರಣಕ್ಕೆ ಮುನ್ನ ನಿಮ್ಮ ಪದವನ್ನು ವಾದ್ಯವಿಲ್ಲದೆ ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿರಿ.