ಕೊಪ್ಪದ ಹೊಳೆಯ ಕಪ್ಪೆಚಿಪ್ಪು

ಮಾವಿನಕಾಯಿ ಸಿಪ್ಪೆ ಹೆರೆಯಲು ನಮ್ಮಜ್ಜಿ ಚಾಕು ಹುಡುಕುತ್ತಿರಲಿಲ್ಲ. ಹೊಳೆಯಿಂದ ತಂದ ಕಪ್ಪೆಚಿಪ್ಪಿನ ಬೆನ್ನನ್ನು ಕಲ್ಲಿಗೆ ಉಜ್ಜಿ ತೂತು ಮಾಡಿದರೆ ಮುಗಿಯಿತು. ತೂತಿನ ಅಂಚೇ ಅಲಗು. ಚಿಪ್ಪಿನ ಒಳಗೆ ಮುತ್ತಿನ ಹೊಳಪು, ಹೊರಗೆ ಕಂದುಗಪ್ಪು ಬಣ್ಣ, ಬೆಳೆದ ಗುರುತಿಗೆ ಒಂದರ ಸುತ್ತ ಒಂದು ಗೆರೆ.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಬಳಿ ಕಾವೇರಿಯೇ ಜಿಲ್ಲೆಯ ಗಡಿ. ಆಚೆ ದಡದಲ್ಲಿ ಕೊಡಗಿನ ಕುಶಾಲನಗರ. ಇಂಥ ಹೊಳೆಯ ಮರಳು ಕೆಸರಿನಲ್ಲಿ ಅರ್ಧ ಹೂತುಕೊಂಡೇ ಕಪ್ಪೆಚಿಪ್ಪಿನ ಬದುಕು. ಹಿಂಬದಿಯ ಒಂದು ಕಿಂಡಿಯಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ನಡುವೆ ಇರುವ ಕಿವಿರೇ ಜರಡಿ: ಪಾಚಿ, ಬ್ಯಾಕ್ಟೀರಿಯಾ ಅದಕ್ಕೆ ಸಿಕ್ಕಿ ಬಾಯಿ ಸೇರುತ್ತವೆ, ಬೇಡದ್ದು ಲೋಳೆಯಲ್ಲಿ ಸುತ್ತಿಕೊಂಡು ತಳಕ್ಕೆ ಬೀಳುತ್ತದೆ. ದೊಡ್ಡ ಜಾತಿಯದಾದರೆ ಒಂದೇ ಚಿಪ್ಪು ದಿನಕ್ಕೆ ಹತ್ತಾರು ಲೀಟರ್ ನೀರು ಸೋಸಬಲ್ಲದು.

ಮರಿಗಳ ಕಥೆ ಇನ್ನೂ ಸೋಜಿಗ. ತಾಯಿ ನೀರಿಗೆ ಬಿಟ್ಟ ಕಣದಷ್ಟು ಮರಿ ಯಾವುದಾದರೂ ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿಯಬೇಕು. ಕೆಲವು ದಿನ, ಕೆಲವು ವಾರ ಅಲ್ಲೇ ಇದ್ದು ರೂಪ ಬದಲಿಸಿಕೊಂಡು ಕೆಳಕ್ಕೆ ಬಿದ್ದು ಕೆಸರು ಸೇರುತ್ತದೆ. ಮೀನು ಹೋದರೆ ಚಿಪ್ಪಿನ ಸಂತತಿಯೂ ನಿಂತಂತೆ.

ನೀರು ಕೆಟ್ಟಾಗ ಮೀನು ಈಜಿ ಪಾರಾದೀತು. ಕಪ್ಪೆಚಿಪ್ಪು ಬಾಯಿ ಮುಚ್ಚಿಕೊಂಡು ಕಾಯುತ್ತದೆ, ಆದರೆ ಎಷ್ಟು ದಿನ ಕಾದೀತು? ಕೊಡಗಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪಿಂಗ್ ನಡೆಯುವುದು ಚಳಿಗಾಲದಲ್ಲಿ, ಹೊಳೆ ಇಳಿಯುತ್ತಿರುವಾಗಲೇ. ಆ ತೊಳೆನೀರಿನ ಸಕ್ಕರೆ ಹುಳಿಯುತ್ತದೆ; ಸಂಸ್ಕರಿಸದೆ ಬಿಟ್ಟರೆ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಹುಳಿ ನೀರು ಸುಣ್ಣದ ಚಿಪ್ಪನ್ನೂ ಕರಗಿಸುತ್ತದೆ. ಊರಿನ ಚರಂಡಿ ನೀರು ತರುವ ವಿಷ ಅಮೋನಿಯ.

1974ರ ಜಲ ಕಾಯ್ದೆ ಇಂಥ ನೀರನ್ನು ಹಾಗೇ ಹೊಳೆಗೆ ಬಿಡುವುದನ್ನು ತಡೆಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ವನ್ಯಜೀವಿ ಮತ್ತು ಮೀನುಗಾರಿಕೆಗೆ ಇರುವುದು ಡಿ ವರ್ಗ: ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯ 1.2 ಮಿಲಿಗ್ರಾಂ ಮೀರಬಾರದು. ನನ್ನ ತಕರಾರು ಈ ಕೊನೆಯ ಅಂಕಿಯ ಮೇಲೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2013ರಲ್ಲಿ ಸಿಹಿನೀರಿನ ಚಿಪ್ಪುಜೀವಿ, ಬಸವನಹುಳುಗಳ ಮೇಲಿನ ಪ್ರಯೋಗಗಳನ್ನು ಲೆಕ್ಕಕ್ಕೆ ಹಿಡಿದು ಮಿತಿಯನ್ನು ಬಿಗಿಗೊಳಿಸಿತು. ಪಿಎಚ್ 7, ಉಷ್ಣತೆ 20 ಡಿಗ್ರಿ ಇರುವಲ್ಲಿ 30 ದಿನಗಳ ಸರಾಸರಿ ಒಟ್ಟು ಅಮೋನಿಯ 1.9 ಮಿಲಿಗ್ರಾಂ ದಾಟಬಾರದು. ಅಂಥ ನೀರಲ್ಲಿ ಮುಕ್ತ ರೂಪದಲ್ಲಿರುವುದು ಅದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ! ನಮ್ಮ 1.2 ಅದರ ಎದುರು ಎಷ್ಟು ಸಡಿಲ ನೋಡಿ. ಎಳೆಯ ಚಿಪ್ಪಿರುವ ಕೆಸರಿನಲ್ಲಂತೂ ಅಮೋನಿಯ ಮೇಲಿನ ನೀರಿಗಿಂತ ಹೆಚ್ಚಿರುವುದುಂಟು. ಹಾಗಾಗಿ ಮಿತಿಯೂ ಬಿಗಿಯಾಗಬೇಕು, ತಳದ ನೀರಿನ ಪರೀಕ್ಷೆಯೂ ಆಗಬೇಕು.

ಬೇಸಿಗೆಯಲ್ಲಿ ಹೊಳೆ ಇಳಿದಾಗ ಮರಳಿನ ಮೇಲೆ ಬಿದ್ದ ಚಿಪ್ಪುಗಳನ್ನು ಆಯ್ದು ನೋಡಿ. ಅಂಗೈ ಅಗಲದವು ಮಾತ್ರವಲ್ಲ, ಉಗುರಿನಷ್ಟು ಚಿಕ್ಕವೂ ಇವೆಯೇ ಎಂದು ಹುಡುಕಿ. ಕಪ್ಪೆಚಿಪ್ಪು ವರ್ಷಗಟ್ಟಲೆ ಬದುಕುತ್ತದೆ. ವರ್ಷ ವರ್ಷ ಹುಡುಕಿದರೂ ದೊಡ್ಡವೇ ಸಿಕ್ಕುತ್ತಿದ್ದರೆ ಆ ಜಾಗದಲ್ಲಿ ಮರಿಗಳು ಉಳಿಯುತ್ತಿಲ್ಲವೇನೋ ಎಂದು ಅನುಮಾನಿಸಬೇಕು.